ಅರ್ಥದಮ್ಮ ಹೇಳಿದ ಹಾಗೆ

ಒಡ... ಒಡಪುಗಾತಿ ಅಂತಲೋ ಏನೋ. ಅಲ್ಲ, ಅದಲ್ಲ. ಕನಸಿಗೆ ಅರ್ಥ ಹೇಳುವ ಕೆಲಸಕ್ಕೆ ನಮ್ಮ ಕಡೆ ಚೆಂದದ ಒಂದು ಹೆಸರಿತ್ತು, ಬಾಯಲ್ಲಿಟ್ಟರೆ ಎಳ್ಳುಂಡೆಯ ಹಾಗೆ ಕರಗುತ್ತಿತ್ತು. ಬೇರೆ ಮಾತಾಡುವ ಜನರ ನಡುವೆ ಇದ್ದೂ ಇದ್ದೂ ಅದು ಎಲ್ಲೋ ಜಾರಿಹೋಗಿದೆ. ಹೋಗಲಿ ಪುಟ್ಟಿ, ನಾನು ಹೇಳ್ತಾ ಹೋಗ್ತೀನಿ, ನೀನು ಬರಕೋ. ಈ ಕತೆಯ ಊರಿನವರು ಆ ಕೆಲಸದವಳನ್ನು ಎದುರಿಗೆ ಕರೆಯುತ್ತಿದ್ದದ್ದು ಅರ್ಥದಮ್ಮ ಅಂತ. ನಾವೂ ಹಾಗೇ ಕರೆಯೋಣ.

ಆ ಊರಿಗೆ ದಾರಿ ಇತ್ತು, ಹೆಸರು ಇರಲಿಲ್ಲ. ನಡುವೆ ಒಂದು ಬಾವಿ. ಬಾವಿಯ ಸುತ್ತ ಮನೆಗಳು. ಎಲ್ಲ ಮನೆಯ ಬಾಗಿಲೂ ಬಾವಿಯ ಕಡೆಗೇ. ಬಾವಿಯ ಪಕ್ಕದಲ್ಲಿ ಒಂದು ಕರಿಕಲ್ಲು. ಬೆಳಗಿನ ಬಿಸಿಲು ಕಲ್ಲಿಗೆ ತಾಗುವ ಹೊತ್ತಿಗೆ ಅರ್ಥದಮ್ಮ ಅದರ ಮೇಲೆ ಕೂತಿರುತ್ತಿದ್ದಳು. ಕನಸು ಕಂಡವರು ತಂಬಿಗೆಯ ತುಂಬ ಬಾವಿನೀರು ಹಿಡಿದು ಅವಳೆದುರು ನಿಲ್ಲಬೇಕು. ಊರಿಗೆಲ್ಲ ಕೇಳುವ ಹಾಗೆ ಕನಸು ಹೇಳಬೇಕು. ತಂಬಿಗೆಯನ್ನು ಅವಳ ಕೈಗೆ ಕೊಡಬೇಕು. ಅವಳು ಅರ್ಥ ಹೇಳಬೇಕು, ಹೇಳಿ ನೀರನ್ನು ಕಲ್ಲಿನ ಮೇಲೆ ಸುರಿಯಬೇಕು. ನೀರು ಬಿತ್ತೆಂದರೆ ಮಾತು ಬಿತ್ತು. ಆಮೇಲೆ ಅವಳು ಏನು ಆಡಿದರೂ ಅದು ಬರಿಯ ಮಾತು, ಅರ್ಥವಲ್ಲ. ದಿನಕ್ಕೆ ಒಂದೇ ಕನಸು, ಒಂದೇ ಅರ್ಥ.

ಬಿದ್ದ ಮಾತು ಸೂರ್ಯ ಮುಳುಗುವುದರೊಳಗೆ ನಿಜವಾಗುತ್ತಿತ್ತು. ಒಂದು ಸಲವೂ ತಪ್ಪಿದ್ದಿಲ್ಲ.

ಹಾರುವ ಎಲೆಗಳ ಕನಸು ಕಂಡವನಿಗೆ ಅವಳು, "ನಿನ್ನ ಮನೆಗೆ ಹೊಸ ಮಾಡು ಬರುತ್ತೆ" ಎಂದಳು. ಸಂಜೆಗೆ ಅವನ ಮನೆಯ ಮೇಲೆ ಹೊಸ ಹೆಂಚು ಹೊಳೆಯುತ್ತಿತ್ತು. ಒಂಟಿ ಮುದುಕನ ಕನಸಿನಲ್ಲಿ ಗೆಜ್ಜೆಯ ಸದ್ದಾಯಿತು. "ನಿನಗೆ ಮದುವೆ" ಎಂದಳು. ಸಂಜೆಗೆ ಅವನ ಜಗಲಿಯ ಮೇಲೆ ಒಬ್ಬಳು ತಲೆ ತಗ್ಗಿಸಿ ಕೂತಿದ್ದಳು. ಮಕ್ಕಳಿಲ್ಲದವಳೊಬ್ಬಳು ಅಂಗಳದಲ್ಲಿ ನೀರು ಹರಿದ ಕನಸು ಕಂಡಳು. "ನಿನ್ನ ಮನೇಲಿ ತೊಟ್ಟಿಲು ತೂಗುತ್ತೆ" ಎಂದಳು. ಸಂಜೆಗೆ ತೊಟ್ಟಿಲು ತೂಗಿತು.

ಅರ್ಥದಮ್ಮನನ್ನು ಎಳೆಗೂಸಾಗಿದ್ದಾಗಲೇ ಬೇರೆ ಯಾವುದೋ ಊರಿಂದ ತಂದಿದ್ದರು. ಆ ಊರಿನ ನಿಯಮವೇ ಹಾಗೆ, ಅರ್ಥ ಹೇಳುವವಳು ಹೊರಗಿನವಳೇ ಆಗಬೇಕು. ಅವಳು ಅರ್ಥ ಹೇಳಿದ ಕೂಡಲೇ ತಲೆಯ ಮೇಲೆ ಬಿಳಿ ಶಾಲು ಹೊದಿಸಿ, ಕೈ ಹಿಡಿದು ಅವಳ ಮನೆಗೆ ಕರೆದುಕೊಂಡು ಹೋಗಿ ಬಿಟ್ಟು, ಹೊರಗಿನಿಂದ ಅಗುಳಿ ಹಾಕುತ್ತಿದ್ದರು. "ಈಗ ವಿಧಿ ಊರೊಳಗೆ ನಡೆದಾಡುತ್ತೆ ಕಣಮ್ಮ. ನೀನು ಅದನ್ನ ನೋಡಬಾರದು" ಎನ್ನುತ್ತಿದ್ದರು.

ಅವಳು ನೋಡುತ್ತಿರಲಿಲ್ಲ. ಆದರೆ ಕೇಳಿಸುತ್ತಿತ್ತು. ಓಡುವ ಕಾಲುಗಳ ಸದ್ದು. ಸುತ್ತಿಗೆಯ ಸದ್ದು. ಗಾಡಿಯ ಸದ್ದು. ಒಮ್ಮೊಮ್ಮೆ ಪಿಸುಮಾತು. ಒಂದು ಸಲ ಯಾರೋ ಹೆಂಗಸು ಒಂದೇ ಉಸಿರಿಗೆ ಕೂಗಿ ಸುಮ್ಮನಾದ ಸದ್ದು. ವಿಧಿ ನಡೆಯುವುದು ಹೀಗೆ ಎಂದು ಅವಳು ಕತ್ತಲೆಯ ಕೋಣೆಯಲ್ಲಿ ಕೂತು ಕೈ ಮುಗಿಯುತ್ತಿದ್ದಳು.

ಸಂಜೆ ಯಜಮಾನ ಬಂದು ಅಗುಳಿ ತೆಗೆಯುತ್ತಿದ್ದ. ಊರಿಗೆ ಅವನೇ ಹಿರಿಯ. ಅವಳನ್ನು ಕೂಸಾಗಿದ್ದಾಗ ಹೊತ್ತು ತಂದದ್ದು ಅವನ ಅಪ್ಪ. ಹಾಗಾಗಿ ಇಬ್ಬರೂ ಒಂದೇ ಅಂಗಳದಲ್ಲಿ ಆಡಿ ಬೆಳೆದವರು. ಕೈಯಲ್ಲಿ ಬೆಲ್ಲ, ಹುರಿದ ಕಡಲೆಕಾಯಿ ಇಟ್ಟು ಹೇಳುತ್ತಿದ್ದ: "ಆಯ್ತಮ್ಮ, ನೀನು ಹೇಳಿದ ಹಾಗೇ ಆಯ್ತು. ನನಗೂ ಒಂದು ಕನಸು ಬೀಳಲಿ. ಯಜಮಾನನ ಬೋಳುತಲೇಲಿ ಕೂದಲು ಹುಟ್ಟುತ್ತೆ ಅಂತ ಹೇಳಿಬಿಡು. ವಿಧಿ ಅದು ಹೇಗೆ ನಡೆಸಿಕೊಡುತ್ತೋ ನೋಡೇಬಿಡೋಣ."

"ಸುಮ್ನೆ ಹೋಗೋ" ಎಂದು ಅವಳು ನಗುತ್ತಿದ್ದಳು. ಅವಳಿಗೆ ಊರೆಂದರೆ ಸಂಜೆಯ ಆ ಒಂದು ಮುಖವೇ ಆಗಿತ್ತು.

ಅದು ಬಾವಿ ತೊಳೆಯುವ ದಿನ. ವರ್ಷಕ್ಕೊಮ್ಮೆ ಬರುವ ಆ ದಿನ ಎಲ್ಲರಿಗಿಂತ ಮೊದಲು ಯಜಮಾನನೇ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿಯಬೇಕು. ತಳದಿಂದ ಒಂದು ಹಿಡಿ ಕೆಸರು ತಂದು ಕಲ್ಲಿಗೆ ಮೆತ್ತಬೇಕು. ಆಮೇಲೆ ಉಳಿದವರು. ಬಾವಿಕಟ್ಟೆಯ ಸುತ್ತ ಊರೆಲ್ಲ ನೆರೆದಿತ್ತು. ಹೊಸ ಹಗ್ಗ ಹಾವಿನ ಹಾಗೆ ಸುರುಳಿ ಸುತ್ತಿಕೊಂಡು ಬಿದ್ದಿತ್ತು.

ಆಗ ಯಜಮಾನನ ಹೆಂಡತಿ ಓಡಿಬಂದಳು. ಕೂದಲು ಬಿಚ್ಚಿತ್ತು. ತಂಬಿಗೆಯ ಅರ್ಧ ನೀರು ದಾರಿಯಲ್ಲೇ ಚೆಲ್ಲಿತ್ತು.

"ಕನಸಲ್ಲಿ ಇವರು ಇಳಿದರು ಅರ್ಥದಮ್ಮಾ! ಬಾವಿಗೆ ಇಳಿದರು. ನಾವೆಲ್ಲ ಹಗ್ಗ ಹಿಡಿದಿದ್ವಿ, ನಾನೂ ಹಿಡಿದಿದ್ದೆ. ಎಳೆದ್ವಿ. ಹಗ್ಗ ಹಗುರವಾಗಿ ಬಂತು. ತುದಿ ಒಣಗಿತ್ತು. ಬಾವಿಯೊಳಗಿಂದ ಬಂದ ಹಗ್ಗ, ಅದರ ತುದಿ ಒಣಗಿತ್ತು!"

ಊರು ಉಸಿರು ಎಳೆದುಕೊಂಡಿತು. ಗೋಡೆಯ ಪಕ್ಕದಿಂದ ಮುದುಕಿಯೊಬ್ಬಳು, "ಅಯ್ಯೋ, ಸೋಸದೇ ತಂದುಬಿಟ್ಟಳಲ್ಲ!" ಎಂದಳು. ಏನನ್ನು ಸೋಸುವುದು? ಅರ್ಥದಮ್ಮನಿಗೆ ತಿಳಿಯಲಿಲ್ಲ.

ಹೆಂಡತಿಗೆ ತಾನು ಮಾಡಿದ್ದು ಆಗ ಅರಿವಾಯಿತು. ಬಾಯಿಗೆ ಕೈ ಅಡ್ಡ ಹಿಡಿದಳು. "ಅಲ್ಲ, ಅಲ್ಲ, ತಪ್ಪು ಹೇಳಿದೆ. ತುದೀಲಿ ಹೂವಿತ್ತು. ಹಗ್ಗದ ತುಂಬ ಹೂವೇ ಇತ್ತು. ಒಳ್ಳೇದು ಹೇಳು ತಾಯಿ. ಏನಾದ್ರೂ ಒಳ್ಳೇದು ಹೇಳು."

"ಹೇಳಮ್ಮ, ಬೇಗ ಹೇಳು" ಎಂದ ಯಜಮಾನ. "ಬಾವಿ ಏನು ನನ್ನ ಮಾವನ ಮನೆಯೇ, ಹೋದವನು ಅಲ್ಲೇ ಝಾಂಡಾ ಹೂಡೋಕೆ? ಯಜಮಾನನ ಮನೇಲಿ ಹೋಳಿಗೆ ಊಟ ಅಂದುಬಿಡು. ಊರೆಲ್ಲ ಉಂಡು ಮಲಗೋಣ."

ಜನ ನಕ್ಕರು. ಬೇಕಾದ್ದಕ್ಕಿಂತ ಜೋರಾಗಿಯೇ ನಕ್ಕರು. "ಹೋಳಿಗೆ, ಹೋಳಿಗೆ ಅನ್ನಮ್ಮ" ಎಂದು ನಾಲ್ಕು ಕಡೆಯಿಂದ ಕೂಗಿದರು. ಅರ್ಥದಮ್ಮ ಯಜಮಾನನ ಮುಖ ನೋಡಿದಳು. ತುಟಿ ನಗುತ್ತಿತ್ತು. ಹಣೆಯಲ್ಲಿ ಬೆವರು ಒಡೆದಿತ್ತು.

ಅವಳು ತಂಬಿಗೆ ತೆಗೆದುಕೊಂಡಳು. ಕಣ್ಣು ಮುಚ್ಚಿದಳು. ಎಂಥ ಕನಸು ಕೇಳಿದರೂ ಅವಳಿಗೆ ಅದರಲ್ಲಿ ಒಂದು ಒಳ್ಳೆಯದು ತಾನಾಗಿ ಕಾಣುತ್ತಿತ್ತು, ಮೊಸರಿನಲ್ಲಿ ಬೆಣ್ಣೆ ತೇಲಿ ಬಂದ ಹಾಗೆ. ಅದನ್ನೇ ಹೇಳುತ್ತಿದ್ದಳು. ಈ ಕನಸನ್ನು ಎಷ್ಟು ಕಡೆದರೂ ಏನೂ ತೇಲಲಿಲ್ಲ. ಹಗುರವಾದ ಹಗ್ಗಕ್ಕೆ ಒಂದೇ ಅರ್ಥ. ಪಾಪ, ಇವಳು ಹೆದರಿದ್ದಾಳೆ, ಸಮಾಧಾನ ಬೇಡುತ್ತಿದ್ದಾಳೆ ಎಂದುಕೊಂಡಳು. ಹೋಳಿಗೆ ಎಂದು ಹೇಳಿದರೆ ಅವನು ನಗುನಗುತ್ತ ಇಳಿಯುತ್ತಾನೆ, ಸಾಯುತ್ತಾನೆ. ಕಂಡದ್ದನ್ನು ಕಂಡ ಹಾಗೆ ಹೇಳಿದರೆ ಊರೇ ಅವನನ್ನು ತಡೆದು ನಿಲ್ಲಿಸುತ್ತದೆ. ಬರುವುದನ್ನು ಮೊದಲೇ ಕಂಡವಳು ಇಷ್ಟಾದರೂ ಮಾಡಬೇಡವೇ?

"ಯಜಮಾನ ಇವತ್ತು ಬಾವಿಗೆ ಇಳಿಯುತ್ತಾನೆ" ಎಂದಳು. "ಮೇಲೆ ಬರುವುದಿಲ್ಲ."

ಎಂದಿನ ಹಾಗೆ ಕೈ ತಾನಾಗಿ ಬಾಗಿತು. ನೀರು ಕಲ್ಲಿನ ಮೇಲೆ ಬಿತ್ತು.

ಹೆಂಡತಿ ಓಡಿಹೋಗಿ ಗಂಡನ ತೋಳು ಹಿಡಿದಳು.

"ಅದಕ್ಕೇ ಹೇಳೋದು, ಅವನನ್ನ ಇಳಿಸಬೇಡಿ!" ಅರ್ಥದಮ್ಮ ಎದ್ದು ನಿಂತಳು. "ಬಾವಿ ನಾಳೆ ತೊಳೆದರಾಯ್ತು. ಮನೇಲಿ ಕೂರಿಸಿ. ಬೇಕಾದ್ರೆ ಬಾಗಿಲಿಗೆ ಅಗುಳಿ ಹಾಕಿ. ಕೇಳಿಸ್ತಾ?"

ಕೇಳಿಸಿತು. ಆದರೆ ನೀರು ಬಿದ್ದಾಗಿತ್ತು. ಹಿಂದಿನಿಂದ ಯಾರೋ ಬಿಳಿ ಶಾಲು ತಂದು ಹೊದಿಸಿದರು. ಕೈ ಹಿಡಿದು ಮನೆಗೆ ಕರೆದೊಯ್ದು ಅಗುಳಿ ಹಾಕಿದರು.

ಒಳಗೆ ಕೂತು ಅವಳು ಸಮಾಧಾನದ ಉಸಿರು ಬಿಟ್ಟಳು. ಉಳಿಸಿದೆನಲ್ಲ ಎಂದುಕೊಂಡಳು. ಸಂಜೆ ಬರುತ್ತಾನೆ, ಬೆಲ್ಲ ತರುತ್ತಾನೆ, ಹೋಳಿಗೆ ತಪ್ಪಿಸಿದೆ ಎಂದು ಜಗಳ ತೆಗೆಯುತ್ತಾನೆ.

ಹೊತ್ತು ಏರಿತು. ವಿಧಿ ನಡೆಯುವ ಸದ್ದು ಕೇಳಲಿಲ್ಲ. ಓಟವಿಲ್ಲ, ಸುತ್ತಿಗೆಯಿಲ್ಲ, ಗಾಡಿಯಿಲ್ಲ. ವಿಧಿ ಇವತ್ತು ಸೋತು ಮಲಗಿದೆ ಎಂದು ಅವಳಿಗೆ ನಗು ಬಂತು. ಆಮೇಲೆ ಒಂದು ಸದ್ದು ಕೇಳಿತು. ರಾಟೆಗೆ ಎಣ್ಣೆ ಹಾಕಿ ಒಮ್ಮೆ ತಿರುಗಿಸಿ ನೋಡಿದ ಸದ್ದು.

ಬಾಗಿಲ ಅಗುಳಿ ಕಳಚಿತು. ಯಜಮಾನನಲ್ಲ, ಅವನ ಹೆಂಡತಿ.

"ಏಳು" ಎಂದಳು. "ಎದ್ದು ಬಾ. ನೀನೇ ಬಂದು ಬಿಡಿಸು."

"ಯಾಕೆ? ಅವನನ್ನ ಕೂಡಿಹಾಕಲಿಲ್ವಾ? ನಾನು ಹೇಳಿದೆನಲ್ಲ, ಇಳಿಸಬೇಡಿ ಅಂತ."

"ನೀನು ಹೇಳಿದ್ದು ಇಳೀತಾನೆ ಅಂತ, ಬರಲ್ಲ ಅಂತ. ಹೇಳಿ ನೀರು ಸುರಿದೆ. ಅದನ್ನ ನಡೆಸಿಕೊಡಬೇಕಲ್ಲ ನಾವು!"

"ನೀವಾ? ನಡೆಸೋದು ವಿಧಿಯಲ್ವೇನೇ?"

ಯಜಮಾನನ ಹೆಂಡತಿ ಅವಳ ಭುಜ ಹಿಡಿದು ಅಲುಗಾಡಿಸಿದಳು. "ವಿಧಿಗೆ ಕಾಲೆಲ್ಲಿದೆ ಅರ್ಥದಮ್ಮಾ? ಕಾಲಿರೋದು ನಮಗೆ. ಮಾಡು ಬರುತ್ತೆ ಅಂದೆ. ಪ್ರತಿ ಮನೆಯ ಹೆಂಚು ಕಿತ್ತು ತಂದು ಹೊದಿಸಿದ್ವಿ. ಮುದುಕನಿಗೆ ಮದುವೆ ಅಂದೆ. ಯಾವ ಹುಡುಗಿಯನ್ನ ಕೂರಿಸಿದ್ವಿ ಅಂತ ಒಂದು ದಿನ ಕೇಳಿದೆಯಾ? ತೊಟ್ಟಿಲು ಅಂದೆ. ಮಗು ಆಕಾಶದಿಂದ ಬಿತ್ತು ಅಂದುಕೊಂಡೆಯಾ?"

ಅರ್ಥದಮ್ಮನಿಗೆ ಒಂದೇ ಉಸಿರಿಗೆ ಕೂಗಿ ಸುಮ್ಮನಾದ ಆ ಹೆಂಗಸಿನ ಸದ್ದು ಮತ್ತೆ ಕಿವಿಯೊಳಗೆ ಕೇಳಿತು.

"ನನಗೆ ಯಾರೂ ಹೇಳಲಿಲ್ಲ."

"ಹೇಳಬಾರದು. ಗೊತ್ತಿದ್ರೆ ನಿನ್ನ ಬಾಯಿಂದ ಒಳ್ಳೇದು ಬರಲ್ಲ, ಹೆದರಿಕೆ ಬರುತ್ತೆ. ಅದಕ್ಕೇ ನಾವು ಕನಸನ್ನ ಸೋಸಿ ತರ್ತಿದ್ವಿ. ಕೆಟ್ಟದ್ದನ್ನೆಲ್ಲ ಮನೇಲೇ ತೆಗೆದು, ಬರೀ ಎಲೆ, ಬರೀ ನೀರು, ಬರೀ ಗೆಜ್ಜೆ. ನೀನು ಒಳ್ಳೇದೇ ಕಾಣ್ತಿದ್ದೆ ಅಂದ್ರೆ ನಾವು ಒಳ್ಳೇದೇ ತರ್ತಿದ್ವಿ. ಇವತ್ತು ನಾನು..." ಅವಳ ಕೈ ಹಿಡಿದು ಎಳೆದಳು.

ದಿನಾ ಬೆಳಗ್ಗೆ ಕಲ್ಲಿನ ಮೇಲೆ ಕೂತು ತಂಬಿಗೆಯನ್ನಷ್ಟೇ ನೋಡುತ್ತಿದ್ದ ಅರ್ಥದಮ್ಮ ಊರನ್ನು ತಲೆ ಎತ್ತಿ ಸರಿಯಾಗಿ ನೋಡಿದ್ದೇ ಆಗ. ಹೊಸ ಮಾಡಿನ ಒಂದು ಮನೆ. ಉಳಿದ ಮನೆಗಳ ಮಾಡಿನಲ್ಲಿ ಹಲ್ಲುದುರಿದ ಬಾಯಿಯ ಹಾಗೆ ಅಲ್ಲಲ್ಲಿ ಕಂಡಿ.

ಬಾವಿಯ ಸುತ್ತ ಊರೆಲ್ಲ ಸಾಲಾಗಿ ನಿಂತು ಹಗ್ಗ ಹಿಡಿದಿತ್ತು. ಎಲ್ಲರೂ ಅಳುತ್ತಿದ್ದರು. ಯಾರೂ ಕೈ ಬಿಟ್ಟಿರಲಿಲ್ಲ. ಯಜಮಾನ ಸೊಂಟಕ್ಕೆ ಹಗ್ಗ ಸುತ್ತಿಕೊಂಡು ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತಿದ್ದ.

"ಬಿಡಿ ಅವನನ್ನ!" ಅವಳು ಕೂಗಿದಳು. "ನಾನು ಸುಳ್ಳು ಹೇಳಿದೆ. ಕನಸಲ್ಲಿ ನನಗೆ ಏನೂ ಕಾಣಲಿಲ್ಲ."

ಶಾಲಿಲ್ಲದೆ, ಮಧ್ಯಾಹ್ನದ ಬಿಸಿಲಲ್ಲಿ ಅವಳನ್ನು ನೋಡಿ ಜನ ಬೆಚ್ಚಿದರು. ಹಗ್ಗ ಹಿಡಿದ ಸಾಲಿನಿಂದ ಒಬ್ಬ ಹೆಂಗಸು ತಲೆ ಎತ್ತಿದಳು. ತೆಳ್ಳಗೆ, ಒಣಗಿದ ಬಳ್ಳಿಯ ಹಾಗಿದ್ದಳು.

"ಸುಳ್ಳಾ?" ಎಂದಳು. "ಇವತ್ತಿನದ್ದು ಸುಳ್ಳಾದ್ರೆ ಅವತ್ತಿನದ್ದು? ತೊಟ್ಟಿಲು ತೂಗುತ್ತೆ ಅಂದೆಯಲ್ಲ, ಆ ಮಗು ನಂದು. ಎದೆಯಿಂದ ಬಿಡಿಸಿಕೊಟ್ಟೆ. ಅರ್ಥದಮ್ಮನ ಮಾತು, ವಿಧಿಯ ಮಾತು ಅಂತ ಕೊಟ್ಟೆ. ಅದೂ ಸುಳ್ಳಾ?"

ಸಾಲು ಸಾಲೇ ಅವಳ ಕಡೆ ತಿರುಗಿತು. "ನನ್ನದು?" ಎಂದಳು ಮುದುಕನ ಹೆಂಡತಿ. "ನಮ್ಮದು?" ಎಂದರು ಹೆಂಚು ಕೊಟ್ಟವರು. ಯಾರ ದನಿಯಲ್ಲೂ ಸಿಟ್ಟಿರಲಿಲ್ಲ. ಬೇಡಿಕೆ ಇತ್ತು. ಇಲ್ಲ ಎನ್ನಮ್ಮ, ಅವೆಲ್ಲ ನಿಜ ಎನ್ನಮ್ಮ.

ಅವೆಲ್ಲ ನಿಜವೆಂದರೆ ಇದೂ ನಿಜವಾಗಬೇಕು. ಅರ್ಥದಮ್ಮ ಯಜಮಾನನನ್ನು ನೋಡಿದಳು.

"ಎಲ್ಲವೂ ಸುಳ್ಳು" ಎಂದಳು. "ನಾನು ಯಾವತ್ತೂ ಏನನ್ನೂ ಕಂಡವಳಲ್ಲ. ಬಾಯಿಗೆ ಬಂದ ಒಳ್ಳೆ ಮಾತು ಹೇಳಿದೆ. ಅದು ಎಲ್ಲಿಂದ ಬಂತೋ ನನಗೇ ಗೊತ್ತಿಲ್ಲ. ನಂಬಿ."

ಅವಳು ಹೇಳಿದ್ದನ್ನೆಲ್ಲ ಇಷ್ಟು ವರ್ಷ ನಂಬಿದ ಊರು, ಈ ಒಂದನ್ನು ಮಾತ್ರ ನಂಬಲಿಲ್ಲ. "ಬೇಡಮ್ಮ, ಹಾಗನ್ನಬೇಡ" ಎಂದರು. "ಯಜಮಾನನ ಮೇಲಿನ ಪ್ರೀತಿಗೆ ಹಾಗಂತೀಯ, ನಮಗೆ ಗೊತ್ತು" ಎಂದರು. ಕಣ್ಣೊರೆಸಿಕೊಂಡು ಹಗ್ಗವನ್ನು ಇನ್ನೂ ಬಿಗಿಯಾಗಿ ಹಿಡಿದರು.

"ನೀನಾದ್ರೂ ಎದ್ದು ಬಾರೋ" ಎಂದಳು ಅರ್ಥದಮ್ಮ. "ಯಾರೂ ನಿನ್ನ ತಳ್ತಿಲ್ಲ. ಹಗ್ಗ ಬಿಚ್ಚಿ ಮನೆಗೆ ನಡಿ. ಯಾರು ತಡೀತಾರೆ?"

"ಯಾರೂ ತಡೆಯಲ್ಲ" ಎಂದ ಯಜಮಾನ. "ಅದೇ ಕಷ್ಟ." ಒಣಗಿದ ಬಳ್ಳಿಯಂಥ ಆ ಹೆಂಗಸಿನ ಕಡೆ ತಲೆಯಾಡಿಸಿದ. "ಇವಳ ಕೈಯಿಂದ ಮಗು ತಗೊಂಡವನು ನಾನೇ ಕಣಮ್ಮ. ಕೊಡಲ್ಲ ಅಂತ ಬಾಗಿಲು ಹಾಕಿಕೊಂಡಿದ್ದಳು. ಮಾತು ಬಿದ್ದಿದೆ, ಮಾತಿಗೆ ಚಿಕ್ಕವರು ದೊಡ್ಡವರು ಇಲ್ಲ, ನನ್ನ ಮೇಲೆ ಬಿದ್ದಿದ್ದರೂ ನಾನು ನಡೆಸಿಕೊಡ್ತಿದ್ದೆ ಅಂತ ಹೊಸ್ತಿಲ ಹೊರಗೆ ಕೂತು ಹೇಳಿದೆ. ಚೆನ್ನಾಗಿ ಮಾತಾಡ್ತೀನಲ್ಲ ನಾನು, ಒಪ್ಪಿಸಿಬಿಟ್ಟೆ. ಈಗ ಬಿದ್ದಿದೆ. ಈಗ ಎದ್ದು ಮನೆಗೆ ಹೋದರೆ ಇವಳ ಮುಖ ಹೇಗೆ ನೋಡಲಿ?"

"ನನ್ನ ಮುಖ ನೋಡಿ!" ಹೆಂಡತಿ ಚೀರಿದಳು. "ನನ್ನ ಮುಖ ನೋಡ್ರಿ!"

ಅವನು ನೋಡಲಿಲ್ಲ. "ನೋಡಿದ್ರೆ ಇಳಿಯೋಕಾಗಲ್ಲ ಕಣೇ" ಎಂದ. ಕಟ್ಟೆಯಿಂದ ಜಾರಿದ.

ರಾಟೆ ತಿರುಗಿತು. ಎಣ್ಣೆ ಹಾಕಿದ್ದರಿಂದ ಸದ್ದೇ ಬರಲಿಲ್ಲ. ಹಗ್ಗ ಇಳಿಯಿತು, ಇಳಿಯಿತು, ನಿಂತಿತು. ಅರ್ಥದಮ್ಮ ಹೋಗಿ ಸಾಲಿನಲ್ಲಿ ಸೇರಿ ಹಗ್ಗಕ್ಕೆ ಕೈ ಹಾಕಿದಳು. ಹಗ್ಗದಲ್ಲಿ ಇನ್ನೂ ಭಾರವಿತ್ತು. ಜೀವವಿರುವ ಭಾರ, ಅತ್ತಿತ್ತ ಅಲುಗುವ ಭಾರ. ಎಳೆಯಿರಿ ಎಂದಳು. ಊರೂ ಎಳೆಯಿತು. ನಿಜಕ್ಕೂ ಎಳೆಯಿತು. ಬರಲಿ ಎಂದು ಎಲ್ಲರ ಮನಸ್ಸೂ ಬೇಡುತ್ತಿತ್ತು. ಬರಬಾರದು ಎಂದು ಮಾತು ಬಿದ್ದಿತ್ತು.

ಅವಳ ಅಂಗೈಯೊಳಗೆ ಹಗ್ಗ ಒಮ್ಮೆ ನಡುಗಿತು. ಕೆಳಗೆ ಯಾರೋ ಗಂಟು ಬಿಚ್ಚುವಾಗ ನಡುಗುವ ಹಾಗೆ. ಆಮೇಲೆ ಹಗುರವಾಯಿತು.

ಹಗ್ಗ ಮೇಲೆ ಬಂತು. ಅದರ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು.

ಹೆಂಡತಿ ಆ ತುದಿಯನ್ನು ಕೈಗೆ ತೆಗೆದುಕೊಂಡಳು. ಹಿಂಡಿದಳು. "ಒದ್ದೆ ಇದೆ" ಎಂದಳು, ತನಗೇ ಹೇಳಿಕೊಳ್ಳುವ ಹಾಗೆ. "ಕನಸಲ್ಲಿ ಒಣಗಿತ್ತು. ಇದು ಒದ್ದೆ ಇದೆ. ಇದು ನಾನು ಕಂಡದ್ದಲ್ಲ."

ಆ ಮಾತು ಸಾಲಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಯಿತು. ಒದ್ದೆ ಇದೆ. ಕಂಡದ್ದಲ್ಲ. ಇದು ಕನಸು ಮಾಡಿದ್ದಲ್ಲ, ನಾವೇ ಮಾಡಿದ್ದು. ಜನ ತಂತಮ್ಮ ಅಂಗೈಗಳನ್ನು ನೋಡಿಕೊಂಡರು. ಹಗ್ಗದ ಕೆಂಪು ಬರೆ ಎಲ್ಲರ ಅಂಗೈಯಲ್ಲೂ ಇತ್ತು. ಎಲ್ಲವೂ ಸುಳ್ಳೆಂದು ಅರ್ಥದಮ್ಮ ಗಂಟಲು ಹರಿಯುವ ಹಾಗೆ ಹೇಳಿದ ಮಾತನ್ನು ಊರು ಆಗ ನಂಬಿತು.

ಮೊದಲು ಅಲುಗಿದವಳು ಮಗು ಕೊಟ್ಟವಳು. ಹಗ್ಗ ಬಿಟ್ಟಳು. ನೇರ ನಡೆದು ಬಾವಿಯ ಆಚೆ ಬದಿಯ ಮನೆಯ ಅಂಗಳಕ್ಕೆ ಹೋದಳು. ಅಲ್ಲಿ ಆಡುತ್ತಿದ್ದವನ ಕೈ ಹಿಡಿದಳು. ಅವನು ಈಗ ಓಡಾಡುವಷ್ಟು ದೊಡ್ಡವನಾಗಿದ್ದ. ಅಮ್ಮಾ ಎಂದು ಚೀರಿದ. ಇಬ್ಬರು ಹೆಂಗಸರೂ ಓ ಎಂದರು. ಅವಳು ಬಿಡಲಿಲ್ಲ, ಎಳೆದುಕೊಂಡೇ ಹೋದಳು.

ಆಮೇಲೆ ಯಾರೂ ಯಾರನ್ನೂ ಕೇಳಲಿಲ್ಲ. ಮುದುಕನ ಹೆಂಡತಿ ಕೊರಳಿನದನ್ನು ಬಿಚ್ಚಿ ಅವನ ಜಗಲಿಯ ಮೇಲಿಟ್ಟು, ಬಂದ ದಿನದ ಹಾಗೆಯೇ ತಲೆ ತಗ್ಗಿಸಿ ತವರಿನ ಕಡೆ ನಡೆದಳು. ಏಣಿಗಳು ಹೊಸ ಮಾಡಿಗೆ ಬಂದು ನಿಂತವು. ಹೆಂಚುಗಳು ಕೈಯಿಂದ ಕೈಗೆ ಇಳಿದವು. ಒಬ್ಬ ಹಸು ಬಿಚ್ಚಿಕೊಂಡು ಹೋದ, ಒಬ್ಬಳು ಕಂಚಿನ ಹಂಡೆ ಹೊತ್ತುಕೊಂಡು ಹೋದಳು. ಒಂದು ಮನೆಯ ಗೋಡೆಯನ್ನೇ ಕಲ್ಲು ಕಲ್ಲಾಗಿ ಕಿತ್ತರು. ಅವಳು ಇಷ್ಟು ವರ್ಷ ಹೇಳಿದ ಒಳ್ಳೆಯ ಮಾತುಗಳೆಲ್ಲ ಅವಳ ಕಣ್ಣೆದುರೇ ತಲೆಯ ಮೇಲೆ, ಕಂಕುಳಲ್ಲಿ, ಗಾಡಿಯಲ್ಲಿ ಹಿಂದಕ್ಕೆ ಹೋಗುತ್ತಿದ್ದವು. ಓಡುವ ಕಾಲುಗಳ ಸದ್ದು. ಸುತ್ತಿಗೆಯ ಸದ್ದು. ಗಾಡಿಯ ಸದ್ದು. ಅರ್ಥದಮ್ಮ ಕರಿಕಲ್ಲಿಗೆ ಒರಗಿ ನಿಂತು, ಕಿವಿ ಮುಚ್ಚಿಕೊಳ್ಳಲೂ ಕೈಯೇಳದೆ ನೋಡಿದಳು.

ಬಾವಿಯ ಹತ್ತಿರ ಉಳಿದವಳು ಒಬ್ಬಳೇ. ಯಜಮಾನನ ಹೆಂಡತಿ. ಅವಳು ಅಳುತ್ತಿರಲಿಲ್ಲ. ಎದ್ದು ಬಂದು ಅರ್ಥದಮ್ಮನ ಎದುರು, ಕನಸು ಕಂಡವರು ನಿಲ್ಲುವ ಜಾಗದಲ್ಲಿ, ಬರಿಗೈಯಲ್ಲಿ ನಿಂತಳು.

"ಎಲ್ಲರೂ ಅವರವರದ್ದು ವಾಪಸ್ ತಗೊಂಡು ಹೋದ್ರು" ಎಂದಳು. "ನಂದು ಯಾರ ಮನೇಲಿದೆ? ಹೇಳು ಅರ್ಥದಮ್ಮ. ಹೋಗಿ ತಗೋತೀನಿ."

ಅರ್ಥದಮ್ಮ ಬಾಯಿ ತೆರೆದಳು.

ಬರಿ ಪುಟ್ಟಿ. ಪೆನ್ನು ತಗೊಂಡು, ಆ ಹೆಣ್ಣು ಕೇಳಿದ್ದನ್ನ ಕೇಳಿದ ಹಾಗೇ ಬರಿ. ನೀನು ಆ ಅರ್ಥದಮ್ಮನ ಬಾಯಿಗೆ ಒಂದು ಒಳ್ಳೆ ಮಾತು ಹಾಕೋಕೆ ಹೋಗಬೇಡ.